ಐದೂವರೆ ಶ್ರುತಿಗೆ ಕೂಗದ ಗಿಟಾರ್

ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇ. ಶನಿವಾರ ರಾತ್ರಿ. ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿದ್ದರು. ಪಕ್ಕದಲ್ಲಿ ಬೆಂಕಿ, ಎದುರಿಗೆ ಸುಮಾರು 40 ಜನ. ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಮೊದಲ ಭಾವಗೀತೆ ಶುರು ಮಾಡಿದೆ. ಪಲ್ಲವಿ ಮುಗಿಸಿ ಷಡ್ಜಕ್ಕೆ ಬಂದು ನಿಂತೆ. ಗಿಟಾರೂ ಬಂದು ನಿಂತಿತು. ಆಮೇಲೆ ನಾನು ಬಾಯಿ ಮುಚ್ಚಿದೆ, ಗಿಟಾರ್ ಮುಚ್ಚಲಿಲ್ಲ.

ಗೂಂ ಅಂತ ಶುರುವಾದ ಸದ್ದು ಬೆಳೆಯುತ್ತಾ ಹೋಯಿತು. ತಂತಿಗಳ ಮೇಲೆ ಕೈ ಇಟ್ಟರೂ ನಿಲ್ಲಲಿಲ್ಲ. ಬೆಂಕಿ ಪಕ್ಕ ಮಲಗಿದ್ದ ನಾಯಿ ಎದ್ದು ಬೊಗಳಿತು. ಮೈಕ್‌ಸೆಟ್ಟಿನ ಹುಡುಗ ಊಟದ ತಟ್ಟೆ ಕೆಳಗಿಟ್ಟು ಓಡಿ ಬಂದು ಎಲ್ಲವನ್ನೂ ಸೊನ್ನೆಗೆ ಇಳಿಸಿದ. ಆಮೇಲೆ ಎರಡು ಗಂಟೆ ನಾನು ನನ್ನದೇ ಷಡ್ಜಕ್ಕೆ ಹೆದರುತ್ತಾ ಹಾಡಿದೆ. ನಿಲ್ಲಬೇಕಾದ ಕಡೆ ನಿಲ್ಲದೆ ಜಾರಿಕೊಂಡು ಹೋಗುವುದು, ಅಷ್ಟೇ.

ಆ ರಾತ್ರಿ ವಾಪಸ್ ಬರುವಾಗ ಹೊಸ ಗಿಟಾರ್ ತೆಗೆದುಕೊಳ್ಳಲೇಬೇಕು ಅಂತ ತೀರ್ಮಾನ ಮಾಡಿದೆ. ಯಾವುದು ಅಂತ ತೀರ್ಮಾನ ಆಗಲು ಐದು ತಿಂಗಳು ಹಿಡಿಯಿತು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನನ್ನ ಲೆಕ್ಕಾಚಾರ ಅರ್ಥ ಆಗುವುದಿಲ್ಲ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ ತಿಂಗಳಿಗೆ ಹೆಚ್ಚೆಂದರೆ ಎರಡು ಕಾರ್ಯಕ್ರಮ. ಹೋಮ್‌ಸ್ಟೇ, ಕೆಫೆ, ಒಮ್ಮೊಮ್ಮೆ ಯಾರದೋ ನಿಶ್ಚಿತಾರ್ಥ. ಭಾವಗೀತೆ, ಜನಪದ, ಹಳೇ ಸಿನಿಮಾ ಹಾಡು. ನಾನೊಬ್ಬಳೇ. ತಬಲಾ ಇಲ್ಲ, ಕೀಬೋರ್ಡ್ ಇಲ್ಲ. ಒಂದು ಕಾರ್ಯಕ್ರಮಕ್ಕೆ ಸುಮಾರು 4,000 ರೂಪಾಯಿ ಸಿಗುತ್ತದೆ, ಜೊತೆಗೆ ಊಟ. ನಾನು ಇಟ್ಟುಕೊಂಡ ಬಜೆಟ್ 25,000. ಅಂದರೆ ಆರು ಕಾರ್ಯಕ್ರಮದ ದುಡಿಮೆಗಿಂತ ಸ್ವಲ್ಪ ಜಾಸ್ತಿ. ಅಮ್ಮನಿಗೆ ಈ ಲೆಕ್ಕ ಹೇಳಿದಾಗ, "ಇರೋ ಗಿಟಾರಲ್ಲೇ ಮೆತ್ತಗೆ ಹಾಡಕ್ಕಾಗಲ್ವನೇ ಮಾರಾಯ್ತಿ" ಅಂದರು.

ಇದ್ದದ್ದು ಯಮಾಹಾ ಎಫ್310. ಕಾಲೇಜಿನಲ್ಲಿದ್ದಾಗ ಕೊಂಡದ್ದು. ಅದರ ಮೇಲೆ ನನಗೆ ಒಂದು ದೂರೂ ಇಲ್ಲ. ಜಗಲಿಯಲ್ಲಿ ಕೂತು ನುಡಿಸಿದರೆ ಅಡುಗೆಮನೆಯಲ್ಲಿರುವ ಅಮ್ಮನಿಗೂ ತುಂಬಿದ ಸದ್ದು ಕೇಳುತ್ತದೆ. ಆದರೆ ಅದರಲ್ಲಿ ಪಿಕಪ್, ಅಂದರೆ ಸದ್ದನ್ನು ಹಿಡಿದು ಸ್ಪೀಕರಿಗೆ ಕಳಿಸುವ ಸಾಧನ, ಇಲ್ಲ. ಮೊದಮೊದಲು ಎದುರಿಗೆ ಇನ್ನೊಂದು ಮೈಕ್ ಇಟ್ಟು ನುಡಿಸುತ್ತಿದ್ದೆ. ಸ್ವಲ್ಪ ಅಲುಗಿದರೂ ಸದ್ದು ಮಾಯ. ಎರಡು ಗಂಟೆ ಬೊಂಬೆಯ ಹಾಗೆ ಕೂತು ಹಾಡುವುದು ಶಿಕ್ಷೆ. ಆಮೇಲೆ ಆನ್‌ಲೈನಿನಲ್ಲಿ ಸಿಕ್ಕ, ಗಿಟಾರಿನ ಮುಖದ ಮೇಲೆ ಅಂಟಿಸುವ ಪಿಕಪ್ ತರಿಸಿದೆ. 600 ರೂಪಾಯಿ. ಅದಕ್ಕೆ ತಂತಿಗಿಂತ ನನ್ನ ಬಳೆ ಸದ್ದೇ ಜಾಸ್ತಿ ಇಷ್ಟ. ಚೂಡಿದಾರದ ತೋಳು ಮರಕ್ಕೆ ಉಜ್ಜಿದರೆ ಸ್ಪೀಕರಿನಲ್ಲಿ ಯಾರೋ ಅಂಗಳ ಗುಡಿಸಿದ ಹಾಗೆ ಕೇಳುತ್ತಿತ್ತು. ಸಕಲೇಶಪುರದಲ್ಲಿ ಕೂಗಿದ್ದು ಇದೇ ಜೋಡಿ.

ಕೂಗಿದ್ದು ಯಾಕೆ ಅಂತ ಹೇಳಿಕೊಟ್ಟವರು ನಮ್ಮೂರಿನಲ್ಲಿ ಗಣಪತಿ ಪೆಂಡಾಲು, ರಾಜ್ಯೋತ್ಸವಕ್ಕೆಲ್ಲ ಮೈಕ್‌ಸೆಟ್ ಹಾಕುವ ಒಬ್ಬ ಅಣ್ಣ. ಮೂವತ್ತು ವರ್ಷದಿಂದ ಅದೇ ಕೆಲಸ. ಅಂಗಡಿಗೆ ಗಿಟಾರ್ ತಗೊಂಡು ಬಾ ಅಂದರು. "ಮೇಡಂ, ನಿಮ್ಮ ಶ್ರುತಿ ಎಷ್ಟು?" ಅಂತ ಕೇಳಿದರು. ಐದೂವರೆ ಅಂದೆ. ಅಂದರೆ ಜಿ ಶಾರ್ಪ್. ಕತ್ತಿನ ಮೇಲಿನ ನಾಲ್ಕನೇ ಫ್ರೆಟ್ಟಿಗೆ (ಮೆಟ್ಟಿಲಿಗೆ) ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಇ ಕಾರ್ಡ್ ಹಿಡಿದರೆ ನನ್ನ ಸ. ಅವರು ಗಿಟಾರಿನ ಬಾಯಿಗೆ ತಮ್ಮ ಬಾಯಿ ಹತ್ತಿರ ತಂದು ತಗ್ಗಿನ ದನಿಯಲ್ಲಿ "ಊಂ" ಅಂತ ಮೇಲಕ್ಕೂ ಕೆಳಕ್ಕೂ ಎಳೆದರು. ಒಂದು ಕಡೆ ಬಂದಾಗ ಇಡೀ ಪೆಟ್ಟಿಗೆ ಗುಂಯ್ ಅಂತ ಮರುಮಾತಾಡಿತು. ನನ್ನ ಹೊಟ್ಟೆಗೆ ಒರಗಿದ್ದ ಮರ ನಡುಗಿದ್ದು ಗೊತ್ತಾಯಿತು.

"ನೋಡಿ, ಪೆಟ್ಟಿಗೆ ಸ ಇದು. ನಿಮ್ಮ ಸ ಕೂಡ ಇದೇ."

ಖಾಲಿ ಬಾಟಲಿ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಹಾಗೇ ಗಿಟಾರಿನ ಒಳಗಿನ ಗಾಳಿಗೂ ಒಂದು ಸ್ವರ ಇದೆ. ದೊಡ್ಡ ಡ್ರೆಡ್‌ನಾಟ್ ಆಕಾರದ ಗಿಟಾರುಗಳಲ್ಲಿ ಅದು ಸುಮಾರು 100 ಹರ್ಟ್ಸ್ ಆಸುಪಾಸು. ನಾಲ್ಕಕ್ಕೆ ಕೇಪೋ ಹಾಕಿದಾಗ ನನ್ನ ದಪ್ಪ ತಂತಿ ಹೇಳುವುದು 104 ಹರ್ಟ್ಸ್. ನಾನು ಹೆಬ್ಬೆರಳಿನಿಂದ ಆ ತಂತಿ ಮೀಟಿದಾಗೆಲ್ಲ ಪೆಟ್ಟಿಗೆ ಉಬ್ಬುತ್ತದೆ. ಅದು ಪಿಕಪ್ಪಿಗೆ ಹೋಗಿ, ಸ್ಪೀಕರಿನಿಂದ ಹೊರಗೆ ಬಂದು, ಮತ್ತೆ ಪೆಟ್ಟಿಗೆಯನ್ನೇ ಅಲ್ಲಾಡಿಸುತ್ತದೆ. ಸುತ್ತು ಪೂರ್ತಿ ಆಯಿತು. ಕೂಗು ಶುರು.

ಮಿಕ್ಸರಿನಲ್ಲಿ ಆ ಜಾಗ ಕಡಿಮೆ ಮಾಡಬಹುದಲ್ಲ ಅಂತ ಕೇಳಿದೆ. ದೊಡ್ಡ ಮಿಕ್ಸರ್ ಇದ್ದರೆ 100 ಹರ್ಟ್ಸ್ ಒಂದನ್ನೇ ಚಿವುಟಿ ತೆಗೆಯಬಹುದಂತೆ. ಹೋಮ್‌ಸ್ಟೇಗಳಲ್ಲಿ ಇರುವ ನಾಲ್ಕು ಚಾನೆಲ್ಲಿನ ಮಿಕ್ಸರಿನಲ್ಲಿ 'ಲೋ' ಅಂತ ಒಂದೇ ತಿರುಗಣೆ. ಅದನ್ನು ಇಳಿಸಿದರೆ ಕೂಗಿನ ಜೊತೆ ಹೆಬ್ಬೆರಳಿನ ಕೆಲಸವೂ ಹೋಗುತ್ತದೆ. ನನಗೆ ತಬಲಾ ಇಲ್ಲ ಅಂದೆನಲ್ಲ. ಆ ಹೆಬ್ಬೆರಳೇ ನನ್ನ ತಬಲಾ.

"ಶ್ರುತಿ ಬದಲಾಯಿಸಿ, ಇಲ್ಲ ಗಿಟಾರ್ ಬದಲಾಯಿಸಿ" ಅಂದರು ಅಣ್ಣ. ನಾಲ್ಕೂವರೆಗೆ ಇಳಿದು ನೋಡಿದೆ. ಗಂಟಲು ಒಪ್ಪಲಿಲ್ಲ.

ಡ್ರೆಡ್‌ನಾಟ್ ಅನ್ನುವುದು ಒಂದು ಯುದ್ಧನೌಕೆಯ ಹೆಸರು ಅಂತ ಆಮೇಲೆ ಗೊತ್ತಾಯಿತು. 1906ರ ಬ್ರಿಟಿಷ್ ಹಡಗು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಮಾಡಿದ ದೊಡ್ಡ ಗಿಟಾರಿಗೆ ಆ ಹೆಸರಿಟ್ಟರು. ಆಗ ವೇದಿಕೆಯಲ್ಲಿ ಸ್ಪೀಕರ್ ಇರಲಿಲ್ಲ. ಸದ್ದು ದೂರ ಹೋಗಬೇಕಾದರೆ ಪೆಟ್ಟಿಗೆಯೇ ದೊಡ್ಡದಿರಬೇಕಿತ್ತು. ಈಗ ಆ ಕೆಲಸ ಮಾಡಲು ಸ್ಪೀಕರ್ ಇದೆ. ಆದರೂ ನಾವು ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು ಆ ಹಡಗೇ. ಅಂದಹಾಗೆ ನನ್ನ ಎತ್ತರ ಐದು ಅಡಿ ಒಂದು ಇಂಚು. ಹಡಗನ್ನು ತಬ್ಬಿಕೊಂಡು ಎರಡು ಗಂಟೆ ಕೂತರೆ ಬಲಗೈ ಭುಜ ಮೂರು ದಿನ ನೋಯುತ್ತದೆ.

ಬೆಂಗಳೂರಿನಲ್ಲಿ ತಮ್ಮ ಇದ್ದಾನೆ. ಒಂದು ನಾಲ್ಕನೇ ಶನಿವಾರ ಬೆಳಗ್ಗಿನ ರೈಲಿಗೆ ಹೋಗಿ, ಅವನನ್ನು ಎಳೆದುಕೊಂಡು ಬಳೇಪೇಟೆಯಿಂದ ಶುರು ಮಾಡಿದೆ. ಹಾರ್ಮೋನಿಯಂ, ತಬಲಾ, ವೀಣೆಗಳ ಮಧ್ಯೆ ಅಲ್ಲೂ ಗಿಟಾರ್ ಸಿಗುತ್ತವೆ. ಆಮೇಲೆ ಎರಡು ದೊಡ್ಡ ಷೋರೂಮ್. ತಮ್ಮನನ್ನು ಕರೆದುಕೊಂಡು ಹೋಗಿದ್ದು ಬ್ಯಾಗ್ ಹೊರಲಿಕ್ಕಲ್ಲ. ನನ್ನ ದನಿ ಅಷ್ಟು ಕೆಳಗೆ ಹೋಗುವುದಿಲ್ಲ. ಗಿಟಾರಿನ ಬಾಯಿಗೆ "ಊಂ" ಅನ್ನಲು ಗಂಡು ಗಂಟಲು ಬೇಕಿತ್ತು. ಪಾಪ, ಷೋರೂಮಿನಲ್ಲಿ ಎಲ್ಲರೂ ನೋಡುತ್ತಿರುವಾಗ ಒಂದೊಂದೇ ಗಿಟಾರಿಗೆ ಬಗ್ಗಿ ಊಂ ಅಂದ. "ಅಕ್ಕಾ, ಇದೇ ಕೊನೇದು" ಅಂತ ನಾಲ್ಕು ಸಲ ಹೇಳಿದ.

ಅಂಗಡಿಯಲ್ಲಿ ಗಿಟಾರ್ ಕೊಡುವ ಕ್ರಮ ಎಲ್ಲ ಕಡೆ ಒಂದೇ. ಹುಡುಗ ಗೋಡೆಯಿಂದ ಇಳಿಸಿ, ತಾನೇ ಎರಡು ನಿಮಿಷ ಝಗಮಗ ನುಡಿಸಿ ಕೊಡುತ್ತಾನೆ. ಅವನು ನುಡಿಸಿದರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತವೆ. ಆಮೇಲೆ ಮರದ ಕಥೆ. ಸಾಲಿಡ್ ಟಾಪ್, ಸ್ಪ್ರೂಸ್, ಮಹಾಗನಿ. ಒಬ್ಬ ತುಂಬ ಗೌರವದಿಂದ, "ಇದು ಇಂಡಿಯನ್ ರೋಸ್‌ವುಡ್ ಮೇಡಂ" ಅಂದ. ನನಗೆ ನಗು ಬಂತು. ಅದು ನಮ್ಮ ಬೀಟೆ. ಸಾಗರದ ಅಜ್ಜನ ಮನೆಯ ಮಂಚ ಬೀಟೆಯದು. ನಾವು ಅದರ ಮೇಲೆ ಕುಣಿದು ಬೈಸಿಕೊಂಡವರು. ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಬಿಟ್ಟು ನಮ್ಮ ಬೀಟೆಗೆ ಬಂತು. ಅಲ್ಲಿಂದ ದುನಿಯಾದ ಒಳ್ಳೊಳ್ಳೆ ಗಿಟಾರುಗಳ ಬೆನ್ನಿಗೆ ಪಶ್ಚಿಮಘಟ್ಟದ ಮರವೇ ಬೇಕಾಯಿತು. ನಮ್ಮ ಜಮೀನಿನಲ್ಲೇ ಬೆಳೆದಿದ್ದರೂ ಪರವಾನಗಿ ಇಲ್ಲದೆ ನಾವು ಅದನ್ನು ಕಡಿಯುವ ಹಾಗಿಲ್ಲ. ಅದೇ ಮರ ಗಿಟಾರಾಗಿ ಷೋರೂಮಿನ ಗಾಜಿನ ಹಿಂದೆ ಕೂತಿತ್ತು. ಬೆಲೆ ನೋಡಿ ಹಾಗೇ ನಮಸ್ಕಾರ ಹಾಕಿ ಮುಂದೆ ಹೋದೆ.

ಮರದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಸಾಲಿಡ್ ಟಾಪ್, ಅಂದರೆ ಮುಖ ಇಡೀ ಮರದ ಹಲಗೆಯದು, ಲ್ಯಾಮಿನೇಟ್ ಅಂದರೆ ಪದರ ಪದರ ಅಂಟಿಸಿದ್ದು. ಕೈಯಲ್ಲಿ ಹಿಡಿದು ಸುಮ್ನೆ ನುಡಿಸಿದರೆ ಸಾಲಿಡ್ ಚೆನ್ನ. ಅದರಲ್ಲಿ ಎರಡು ಮಾತಿಲ್ಲ. ವರ್ಷ ಕಳೆದ ಹಾಗೆ ಇನ್ನೂ ಚೆನ್ನಾಗುತ್ತದೆ ಅಂತಲೂ ಹೇಳುತ್ತಾರೆ. ಆದರೆ ನನ್ನ ಕೇಳುಗರಿಗೆ ತಲುಪುವುದು ಮರದ ಸದ್ದಲ್ಲ. ಸ್ಯಾಡಲ್, ಅಂದರೆ ತಂತಿಗಳು ಕೂರುವ ಬಿಳಿ ಪಟ್ಟಿ, ಅದರ ಕೆಳಗಿನ ಪೀಜೋ ಪಿಕಪ್ಪಿನ ಸದ್ದು. ತಂತಿ ಒತ್ತಿದ ಒತ್ತಡವನ್ನು ಅದು ಕರೆಂಟ್ ಮಾಡುತ್ತದೆ. ಅಲ್ಲಿಗೆ ಬರುವಾಗ ಮರ ಮರದ ವ್ಯತ್ಯಾಸ ಬಹಳಷ್ಟು ಸೋರಿಹೋಗಿರುತ್ತದೆ. ಮೇಲೆ ನಮ್ಮದು ಮಲೆನಾಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಸಾಲಿಡ್ ಹಲಗೆ ಆ ತೇವ ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ತಂತಿ ಮೇಲೇರುತ್ತದೆ, ಬೆರಳು ಅಳುತ್ತದೆ. ಲ್ಯಾಮಿನೇಟ್ ಅಷ್ಟು ನಖರಾ ಮಾಡುವುದಿಲ್ಲ. ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರಾದರೆ ನನ್ನ ಮಾತು ಕೇಳಬೇಡಿ, ಸಾಲಿಡ್ಡೇ ತನ್ನಿ.

ಹೀಗಾಗಿ ಗೋಡೆಯಿಂದ ಇಳಿಸಿದ ತಕ್ಷಣ ನಾನು, "ಸ್ಪೀಕರಿಗೆ ಹಾಕಿ ಕೊಡಿ" ಅನ್ನುತ್ತಿದ್ದೆ. ಎರಡು ಕಡೆ ಹುಡುಗರಿಗೆ ಆಶ್ಚರ್ಯ. ಒಬ್ಬ ಆ್ಯಂಪ್ ತಂದು ಚುಚ್ಚಿದ. ದೇವಸ್ಥಾನದ ಪ್ರಾಂಗಣದಲ್ಲಿ ನುಡಿಸಿದ ಹಾಗೆ ಗುಂಯ್‌ಗುಡುವ ರಿವರ್ಬ್.

"ಆ ರಿವರ್ಬ್ ಆಫ್ ಮಾಡಿ."

"ಆಫ್ ಮಾಡಿದ್ರೆ ಚೆನ್ನಾಗಿರಲ್ಲ ಮೇಡಂ."

"ಅದಕ್ಕೇ ಮಾಡಿ ಅಂದಿದ್ದು."

ಆಫ್ ಆದ ಮೇಲೆ ಅಸಲಿ ಮುಖ ಕಾಣುತ್ತದೆ. ನಾನು ರಾಗ ತಾಳ ಏನೂ ನುಡಿಸುವುದಿಲ್ಲ. ಆರು ತಂತಿಗಳನ್ನು ಒಂದೊಂದಾಗಿ, ಒಂದೇ ಹದದಲ್ಲಿ ಮೀಟುತ್ತೇನೆ. ಒಂದು ಗಿಟಾರಿನಲ್ಲಿ ಎರಡನೇ ತಂತಿ ಪಕ್ಕದ ರೂಮಿನಲ್ಲಿದ್ದ ಹಾಗೆ ಕೇಳಿತು. ಸ್ಯಾಡಲ್ ಪೀಜೋ ಮೇಲೆ ಸಮವಾಗಿ ಕೂರದಿದ್ದರೆ ಹೀಗಾಗುತ್ತದೆ. ಇನ್ನೊಂದರಲ್ಲಿ ಜಾಕ್ ಹತ್ತಿರ ಕೇಬಲ್ ಸ್ವಲ್ಪ ಅಲ್ಲಾಡಿಸಿದರೆ ಚರಚರ. ಹೊಸ ಗಿಟಾರು, ಇನ್ನೂ ಪ್ಲಾಸ್ಟಿಕ್ ಹಾಳೆ ಸುಲಿದಿಲ್ಲ. ಆಮೇಲೆ ಕೇಪೋ ನಾಲ್ಕಕ್ಕೆ ಹಾಕಿ, ಹೆಬ್ಬೆರಳಲ್ಲಿ ಸ ಮೀಟಿ, ಸ್ಪೀಕರಿನ ಎದುರಿಗೇ ಮುಖ ಮಾಡಿ ನಿಂತು ವಾಲ್ಯೂಮ್ ಏರಿಸಿ ಅನ್ನುತ್ತಿದ್ದೆ. ಯಾವುದು ಎಷ್ಟಕ್ಕೆ ಕೂಗುತ್ತದೆ ನೋಡೋಣ ಅಂತ. ಒಂದು ಅಂಗಡಿಯ ಯಜಮಾನರು ಕ್ಯಾಷ್ ಕೌಂಟರಿನಿಂದ ಎದ್ದು ಬಂದರು.

ಇನ್ನು ಹಾಡುವುದು. ಅಂಗಡಿಯಲ್ಲಿ ಹಾಡಲು ನಾಚಿಕೆ ಆಗುತ್ತದೆ, ನಿಜ. ಆದರೆ ಹಾಡದೆ ಗಿಟಾರ್ ಕೊಳ್ಳುವುದು ಅಂದರೆ ಕಾಲಿಗೆ ಹಾಕಿ ನೋಡದೆ ಚಪ್ಪಲಿ ತಂದ ಹಾಗೆ. ತುಂಬ ಚೆಂದ ಮಿನುಗುವ ಒಂದು ಗಿಟಾರ್ ನನ್ನ ದನಿ ಇರುವ ಜಾಗದಲ್ಲೇ ಬಂದು ಕೂರುತ್ತಿತ್ತು. ಅದೂ ಮಾತಾಡುತ್ತದೆ, ನಾನೂ ಮಾತಾಡುತ್ತೇನೆ, ಸಾಹಿತ್ಯ ಯಾರಿಗೂ ಕೇಳುವುದಿಲ್ಲ. ಭಾವಗೀತೆಯಲ್ಲಿ ಸಾಹಿತ್ಯ ಕೇಳದಿದ್ದರೆ ಇನ್ನೇನು ಉಳಿಯಿತು? ನನಗೆ ಬೇಕಿದ್ದುದು ಕೆಳಗೆ ಗಟ್ಟಿಯಾಗಿ, ಮೇಲೆ ಸ್ವಲ್ಪ ಹೊಳೆದು, ಮಧ್ಯದಲ್ಲಿ ನನಗೆ ಜಾಗ ಬಿಡುವ ಗಿಟಾರ್. ಮತ್ತೆ ನಿಂತು ನೋಡಬೇಕು. ಹೆಗಲಿಗೆ ಪಟ್ಟಿ ಹಾಕಿಕೊಂಡು. ಕಡಿಮೆ ಬೆಲೆಯ ಎಷ್ಟೋ ಗಿಟಾರುಗಳಿಗೆ ಪಟ್ಟಿ ಸಿಕ್ಕಿಸಲು ಹಿಂದೆ ಒಂದೇ ಗುಂಡಿ ಇರುತ್ತದೆ, ಕತ್ತಿನ ಬುಡದಲ್ಲಿ ಇರುವುದಿಲ್ಲ. ಇದು ಮನೆಗೆ ಬಂದ ಮೇಲೇ ಗೊತ್ತಾಗುವುದು.

ಆ ದಿನ ನನಗೆ ಹಿಡಿಸಿದವು ಮೂರು. ಫೆಂಡರ್ ಸಿಡಿ-60ಎಸ್‌ಸಿಇ. ಸಾಲಿಡ್ ಸ್ಪ್ರೂಸ್ ಮುಖ, ಮಹಾಗನಿ ಬೆನ್ನು, ಫಿಷ್‌ಮನ್ ಕಂಪನಿಯ ಪ್ರಿಆ್ಯಂಪ್, ಅಂದರೆ ಪಿಕಪ್ಪಿನ ಸಣ್ಣ ಸದ್ದನ್ನು ದೊಡ್ಡದು ಮಾಡಿ ಕಳಿಸುವ ಪುಟ್ಟ ಯಂತ್ರ. ಕೇಬಲ್ ಇಲ್ಲದೆ ನುಡಿಸಿದಾಗ ಅಂಗಡಿಯಲ್ಲೇ ಸಿಹಿ ಸದ್ದು ಅದರದ್ದು. ನನ್ನ ತಮ್ಮನಂಥ ಆರಡಿ ಆಳಿಗೆ, ಗಂಡಸರ ಶ್ರುತಿಗೆ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ ಅನ್ನುತ್ತಿದ್ದೆ. ಆದರೆ ಅದೂ ಹಡಗೇ. ಎರಡನೆಯದು ಕಾರ್ಟ್ ಎಎಫ್510ಇ. ಚಿಕ್ಕ ಮೈ, ಸಾದಾ, ಬೆಲೆಯೂ ಹಗುರ. ಬಜೆಟ್ ಇನ್ನೂ ಕಡಿಮೆ ಇದ್ದಿದ್ದರೆ ಅದನ್ನೇ ತರುತ್ತಿದ್ದೆ. ಕಾಲೇಜು ಹುಡುಗಿಯರು ಕೇಳಿದರೆ ಈಗಲೂ ಅದರ ಹೆಸರೇ ಹೇಳುತ್ತೇನೆ.

ಮೂರನೆಯದು ಯಮಾಹಾ ಎಪಿಎಕ್ಸ್600. ತೆಳು ಮೈ. ಪೆಟ್ಟಿಗೆಯ ಆಳ 80ರಿಂದ 90 ಮಿಲಿಮೀಟರ್, ಅಷ್ಟೇ. ನನ್ನ ಎಫ್310 ಹಿಂಬದಿಯಲ್ಲಿ 116 ಮಿಲಿಮೀಟರ್ ದಪ್ಪ. ಕಾಗದದಲ್ಲಿ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ, ಭುಜಕ್ಕೆ ಗೊತ್ತಾಗುವುದು ಅದಕ್ಕಿಂತ ತುಂಬ ಜಾಸ್ತಿ. ಕತ್ತಿನ ತುದಿಯ ನಟ್ ಪಟ್ಟಿಯಿಂದ ಸ್ಯಾಡಲ್ ತನಕ ತಂತಿಯ ಉದ್ದ 634 ಮಿಲಿಮೀಟರ್, ನನ್ನ ಹಳೆಯದರಷ್ಟೇ. ಹಾಗಾಗಿ ಬೆರಳು ಹೊಸದಾಗಿ ಏನೂ ಕಲಿಯಬೇಕಿರಲಿಲ್ಲ. ಕೇಬಲ್ ಇಲ್ಲದೆ ನುಡಿಸಿದರೆ ಇದರ ಸದ್ದು ತೆಳು. ತಮ್ಮ, "ಇದೇನಕ್ಕಾ, ಆಟಿಕೆ ಥರ ಇದೆ" ಅಂದ. ಬಗ್ಗಿ ಊಂ ಅಂದು ನೋಡಿದ. ನನ್ನ ಷಡ್ಜದ ಹತ್ತಿರ ಪೆಟ್ಟಿಗೆ ಅಷ್ಟಾಗಿ ಮರುಮಾತಾಡಲಿಲ್ಲ. ಸ್ಪೀಕರಿಗೆ ಹಾಕಿ, ಎದುರು ನಿಂತು, ವಾಲ್ಯೂಮ್ ಏರಿಸಿ ಏರಿಸಿ ನೋಡಿದೆವು. ಉಳಿದವೆಲ್ಲ ಗೂಂ ಅಂದ ಜಾಗ ದಾಟಿ ಇನ್ನೂ ಮುಂದೆ ಹೋಯಿತು. ನಾನು ಒಂದು ಚರಣ ಹಾಡಿ ಷಡ್ಜಕ್ಕೆ ಬಂದು ನಿಂತೆ. ಹತ್ತು ಸೆಕೆಂಡ್ ನಿಂತೇ ಇದ್ದೆ. ಗಿಟಾರ್ ತಾನಾಗಿ ಆರಿತು.

ಬೆಲೆ ಕೇಳಿದೆ. ಅಷ್ಟು ಕೊಟ್ಟರೆ ಬಜೆಟ್ಟಿನಲ್ಲಿ ಕೇಬಲ್ಲಿಗೂ ದುಡ್ಡು ಉಳಿಯುತ್ತಿರಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದೆ. ಅಂಗಡಿಯವರಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ.

ಎರಡು ತಿಂಗಳಾದ ಮೇಲೆ ತಮ್ಮನೇ ಫೋನ್ ಮಾಡಿದ. ಅವನ ಏರಿಯಾದಲ್ಲೇ ಒಬ್ಬ ಹುಡುಗ ಓದಲು ಹೊರದೇಶಕ್ಕೆ ಹೊರಟಿದ್ದ, ಅವನ ಹತ್ತಿರ ಅದೇ ಎಪಿಎಕ್ಸ್600, ಒಂದೂವರೆ ವರ್ಷ ಹಳೆಯದು. ಹೋಗಿ ನೋಡಿದೆ. ಸೆಕೆಂಡ್ ಹ್ಯಾಂಡ್ ಅಂದರೆ ಹೆದರುವವರು ಇದ್ದಾರೆ. ನಾನು ಬ್ಯಾಂಕಿನಲ್ಲಿ ಚಿನ್ನ ಒರೆಗೆ ಹಚ್ಚುವುದನ್ನು ದಿನಾ ನೋಡುವವಳು, ಒರೆಗೆ ಹಚ್ಚಿದರೆ ಹೆದರಿಕೆ ಇಲ್ಲ. ಬ್ರಿಡ್ಜಿನ, ಅಂದರೆ ಸ್ಯಾಡಲ್ ಕೂರುವ ಮರದ ತುಂಡಿನ, ಹಿಂಬದಿಗೆ ವಿಸಿಟಿಂಗ್ ಕಾರ್ಡಿನ ಅಂಚು ತೂರಿಸಿ ನೋಡಿದೆ. ಒಳಗೆ ಹೋದರೆ ಅಂಟು ಬಿಡುತ್ತಿದೆ ಅಂತ ಅರ್ಥ. ಹೋಗಲಿಲ್ಲ. ದಪ್ಪ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲೂ ಹದಿನಾಲ್ಕರಲ್ಲೂ ಒಟ್ಟಿಗೆ ಒತ್ತಿ, ಮಧ್ಯೆ ಎಷ್ಟು ಸಂದು ಇದೆ ನೋಡಿದೆ. ಕೂದಲಿನಷ್ಟು. ಕತ್ತು ಸರಿ ಇದೆ. ವಾಲ್ಯೂಮ್, ಬಾಸ್, ಟ್ರೆಬಲ್ ಎಲ್ಲ ತಿರುಗಣೆ ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. ಒಂದು ಸ್ವಲ್ಪ ಚರಚರ ಅಂದು, ಹತ್ತು ಸಲ ತಿರುಗಿಸಿದ ಮೇಲೆ ಸುಮ್ಮನಾಯಿತು. ಬರೀ ದೂಳು. ಮೊದಲ ಮೂರು ಫ್ರೆಟ್ಟಿನ ಮೇಲೆ ತಂತಿ ಕೊರೆದ ಗೀರು ಇತ್ತು, ಆಳ ಇರಲಿಲ್ಲ. 17,000 ಅಂದ. ಚೌಕಾಸಿ ಮಾಡಲು ನನಗೆ ಬರುವುದಿಲ್ಲ. ತಮ್ಮ ಮಾಡಿದ. 15,500ಕ್ಕೆ ಆಯಿತು, ಬ್ಯಾಗ್ ಸಮೇತ.

ಉಳಿದ ದುಡ್ಡು ಹೋಗಿದ್ದು ಗಿಟಾರ್ ಅಲ್ಲದ್ದಕ್ಕೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಲೆಕ್ಕ ಕೊಡುತ್ತೇನೆ. ತಂತಿಯ ಎತ್ತರ ಸರಿ ಮಾಡಿಸಲು 1,200. ಡಿಐ ಬಾಕ್ಸ್ 2,000. ಎರಡು ಕೇಬಲ್ 1,100. ಎರಡು ಸೆಟ್ ತಂತಿ 1,300. ಹೆಗಲ ಪಟ್ಟಿ 500. ಒಟ್ಟು 21,600.

ಡಿಐ ಬಾಕ್ಸ್ ಅಂದರೆ ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಪೆಟ್ಟಿಗೆ. ಗಿಟಾರಿನಿಂದ ಬರುವ ಸಾದಾ ಕೇಬಲ್ ಐದಾರು ಮೀಟರ್ ದಾಟಿದರೆ ದಾರಿಯಲ್ಲಿ ಸಿಕ್ಕಿದ ಎಲ್ಲ ಗೊರಗೊರವನ್ನೂ ಎತ್ತಿಕೊಂಡು ಬರುತ್ತದೆ. ಹೋಮ್‌ಸ್ಟೇಯಲ್ಲಿ ಸೀರಿಯಲ್ ಸೆಟ್, ಜನರೇಟರ್, ಪಕ್ಕದಲ್ಲೇ ಐಸ್‌ಕ್ರೀಂ ಫ್ರೀಜರ್, ಕೇಳಬೇಕಾ? ಮಿಕ್ಸರ್ ಬೇರೆ ದೂರದಲ್ಲಿ, ಅಡುಗೆಮನೆ ಕಟ್ಟೆ ಮೇಲೆ. ಈ ಪೆಟ್ಟಿಗೆ ಅದನ್ನು ಮೈಕಿನ ಕೇಬಲ್ ಥರ ಮಾಡಿ ಕಳಿಸುತ್ತದೆ. ಮೈಕಿನ ಕೇಬಲ್ ತುಂಬ ದೂರ ಹೋದರೂ ಅಷ್ಟಾಗಿ ಗೊರಗುಟ್ಟುವುದಿಲ್ಲ. ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇದೆ. ಗುರ್ ಅಂತಿದ್ದರೆ ಅದನ್ನು ಒತ್ತುವುದು, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ನನ್ನ ಗಿಟಾರಿನಲ್ಲಿ ಪ್ರಿಆ್ಯಂಪ್ ಇರುವುದರಿಂದ ಬ್ಯಾಟರಿ ಬೇಡದ ಪ್ಯಾಸಿವ್ ಡಿಐ ಸಾಕಾಯಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕಿತು. ಮೈಕ್‌ಸೆಟ್ ಅಣ್ಣನಿಗೆ ತೋರಿಸಿದಾಗ ಗಿಟಾರಿಗಿಂತ ಇದನ್ನೇ ಜಾಸ್ತಿ ಮೆಚ್ಚಿಕೊಂಡರು.

ತಂತಿ 11-52, ಫಾಸ್ಫರ್ ಬ್ರಾಂಜ್. ಅಂಕಿಗಳು ಸೆಟ್ಟಿನ ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ. 12ರ ಸೆಟ್ಟಿನಲ್ಲಿ ಸದ್ದು ತುಂಬಿ ಬರುತ್ತದೆ, ಆದರೆ ಎರಡು ಗಂಟೆಯ ಕೊನೆಗೆ ಎಫ್ ಕಾರ್ಡ್ ಹಿಡಿಯುವಾಗ ಹಾಡಿನ ಭಾವ ಮುಖದಲ್ಲಿ ಬೇರೆಯೇ ಆಗಿರುತ್ತದೆ. 10 ಹಾಕಿ ನೋಡಿದೆ, ಹೆಬ್ಬೆರಳಿಗೆ ಏನೂ ಸಿಗುವುದಿಲ್ಲ. ಹೊಸ ತಂತಿಯನ್ನು ಕಾರ್ಯಕ್ರಮದ ದಿನ ಹಾಕಬೇಡಿ. ಮಿಣಮಿಣ ಅನ್ನುವ ಆ ಹೊಸತನ ಪೀಜೋ ಮೂಲಕ ಕಿವಿಗೆ ಚುಚ್ಚುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ. ನಾನು ಬುಧವಾರ ಹಾಕಿ, ಮೂರು ದಿನ ನುಡಿಸಿ, ಶನಿವಾರ ಹೊರಡುತ್ತೇನೆ.

ಎಲ್ಲ ಸುಸೂತ್ರ ಆಯಿತು ಅಂದರೆ ಸುಳ್ಳು. ತಂತಿ ಇನ್ನೂ ಸ್ವಲ್ಪ ತಗ್ಗಲಿ ಅಂತ ಒಂದು ಭಾನುವಾರ ನಾನೇ ಸ್ಯಾಡಲ್ ತೆಗೆದು ಬುಡವನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ದಪ್ಪ ತಂತಿ ಎರಡೂವರೆ ಮಿಲಿಮೀಟರಿಗೆ ಬಂತು. ಖುಷಿ. ಸ್ಪೀಕರಿಗೆ ಹಾಕಿದರೆ ಎರಡನೇ ತಂತಿ ಮಾಯ! ಷೋರೂಮಿನಲ್ಲಿ ಬೇರೆಯವರ ಗಿಟಾರಿನಲ್ಲಿ ಹಿಡಿದ ದೋಷವನ್ನೇ ನಾನು ಕೈಯಾರೆ ಮಾಡಿಕೊಂಡಿದ್ದೆ. ಬುಡ ಒಂದಿಷ್ಟೇ ಡೊಂಕಾಗಿತ್ತು. ಗಾಜಿನ ಹಲಗೆ ಮೇಲೆ ಉಪ್ಪುಕಾಗದ ಇಟ್ಟು, ಅದರ ಮೇಲೆ ನೇರ ಹಿಡಿದು ಉಜ್ಜಬೇಕಂತೆ. ಹೊಸ ಸ್ಯಾಡಲ್ ಹಾಕಿಸಬೇಕಾಯಿತು. ಇನ್ನೊಮ್ಮೆ ಒಂದು ನಿಶ್ಚಿತಾರ್ಥಕ್ಕೆ ಮಧ್ಯಾಹ್ನವೇ ಹೋಗಿ ಎಲ್ಲ ಜೋಡಿಸಿ, ಕೇಬಲ್ ಸಿಕ್ಕಿಸಿಯೇ ಬಿಟ್ಟು ಊಟಕ್ಕೆ ಹೋದೆ. ಜಾಕ್ ಸಿಕ್ಕಿಸಿದ್ದಷ್ಟು ಹೊತ್ತೂ ಪ್ರಿಆ್ಯಂಪ್ ಆನ್ ಆಗಿರುತ್ತದೆ. ಸೆಲ್ ಮೊದಲೇ ಹಳೆಯದು. ಸಂಜೆ ಎರಡನೇ ಹಾಡಿಗೆ ಸದ್ದು ಬಿರುಕು ಬಿಟ್ಟು ಸತ್ತಿತು. ಪುಣ್ಯಕ್ಕೆ ಈ ಗಿಟಾರಿಗೆ ಬೇಕಾಗುವುದು ಎರಡು ಪೆನ್ಸಿಲ್ ಸೆಲ್. ಮದುವೆ ಹುಡುಗನ ಚಿಕ್ಕಪ್ಪ ಸ್ಕೂಟರಿನಲ್ಲಿ ಹೋಗಿ ಗೂಡಂಗಡಿಯಿಂದ ತಂದುಕೊಟ್ಟರು. ಬಹಳಷ್ಟು ಪ್ರಿಆ್ಯಂಪ್‌ಗಳಿಗೆ ಬೇಕಾಗುವ 9 ವೋಲ್ಟಿನ ಚೌಕ ಬ್ಯಾಟರಿ ಆಗಿದ್ದಿದ್ದರೆ ಆ ಹಳ್ಳಿಯಲ್ಲಿ ರಾತ್ರಿ ಎಂಟು ಗಂಟೆಗೆ ಎಲ್ಲಿ ಹುಡುಕುವುದು?

ಕೂಗಿನ ಬಗ್ಗೆ ಇನ್ನೊಂದು ಸಣ್ಣ ವಿಷಯ. ಗಿಟಾರಿನ ಬಾಯಿಗೆ ಮುಚ್ಚುವ ರಬ್ಬರ್ ಬಿಲ್ಲೆ ಸಿಗುತ್ತದೆ. ದೊಡ್ಡ ಗಿಟಾರ್ ಇರುವವರಿಗೆ ಹೊಸ ಗಿಟಾರಿಗಿಂತ ಮೊದಲು ಅದನ್ನು ತಂದು ನೋಡಿ ಅಂತ ಹೇಳುತ್ತೇನೆ, ಅಗ್ಗದಲ್ಲಿ ಮುಗಿದುಹೋಗಬಹುದು. ನಾನೂ ಮುಂಜಾಗ್ರತೆಗೆ ಒಂದು ತರಿಸಿದೆ. ಬಿಲ್ಲೆ ದುಂಡಗೆ. ಎಪಿಎಕ್ಸ್‌ನ ಬಾಯಿ ಮೊಟ್ಟೆಯಾಕಾರ. ಈಗ ಅಮ್ಮ ಅದನ್ನು ಉಪ್ಪಿನಕಾಯಿ ಭರಣಿಗೆ ಮುಚ್ಚಿಟ್ಟಿದ್ದಾರೆ, ಅಳತೆ ಸರಿಯಾಗಿದೆಯಂತೆ.

ಕಳೆದ ತಿಂಗಳು ಅದೇ ಸಕಲೇಶಪುರದ ಹೋಮ್‌ಸ್ಟೇಯಿಂದ ಮತ್ತೆ ಕರೆ ಬಂತು. ಅದೇ ಕಣ, ಅದೇ ಹುಡುಗ, ಅದೇ ನಾಲ್ಕು ಚಾನೆಲ್ಲಿನ ಮಿಕ್ಸರ್. ನನ್ನನ್ನು ನೋಡಿದ ಕೂಡಲೇ ಹುಡುಗ ಲೋ ತಿರುಗಣೆಯನ್ನು ಪೂರ್ತಿ ಕೆಳಗೆ ತಿರುಗಿಸಿ ನಿಂತ. ಮಧ್ಯಕ್ಕೆ ತಾ ಅಂದೆ. ಒಪ್ಪಲಿಲ್ಲ. "ಕೂಗಿದ್ರೆ ನಿನ್ನ ಊಟ ಮುಗಿಯೋ ತನಕ ನಾನೇ ಮಿಕ್ಸರ್ ನೋಡ್ಕೊತೀನಿ" ಅಂತ ನಾನು ಅಂದ ಮೇಲೆ ತಂದ. ಅದೇ ಭಾವಗೀತೆಯಿಂದ ಶುರು ಮಾಡಿದೆ. ಪಲ್ಲವಿ, ಷಡ್ಜ, ನಿಂತೆ. ಹೆಬ್ಬೆರಳಿನ ಸ ಶಾಮಿಯಾನದ ಆಚೆ ತನಕ ಹೋಗಿ ಆರಿತು. ನಾಯಿ ಮಲಗಿಯೇ ಇತ್ತು.

ಎಫ್310 ಈಗ ಜಗಲಿಯ ಗೋಡೆಯಲ್ಲಿ. ಕರೆಂಟ್ ಹೋದ ಸಂಜೆ ಅದನ್ನೇ ಇಳಿಸುತ್ತೇನೆ. ಎಪಿಎಕ್ಸ್ ಬ್ಯಾಗಿನೊಳಗೆ ಸಿಲಿಕಾ ಜೆಲ್ಲಿನ ನಾಲ್ಕು ಚೀಟಿಗಳ ಜೊತೆ ಮಲಗಿದೆ, ಮಳೆ ಶುರುವಾಗಿದೆಯಲ್ಲ. ಮುಂದಿನ ಕಾರ್ಯಕ್ರಮ ಎರಡನೇ ಶನಿವಾರ, ಶಿವಮೊಗ್ಗದಲ್ಲೇ ಒಂದು ಕೆಫೆ. ಅಷ್ಟರೊಳಗೆ ಜಾಕಿನ ನಟ್ ಬಿಗಿ ಮಾಡಬೇಕು, ಸ್ವಲ್ಪ ಸಡಿಲವಾಗಿದೆ. ತಮ್ಮ ಹೋದ ಸಲ ಬಂದಾಗ ಸ್ಪ್ಯಾನರ್ ಎಲ್ಲಿಟ್ಟು ಹೋದನೋ.